ಪ್ರಕ್ಷುಬ್ಧ ಹರಿವಿನಲ್ಲಿ ಶಾಖ ಹೊರುವ ರಚನೆಗಳ ಜಾಡು ಹಿಡಿಯುವ ಬಗೆ

ಕೆಳಗಿನಿಂದ ಕಾಯಿಸಿ ಮೇಲಿನಿಂದ ತಣಿಸಿದ ದ್ರವದ ಪದರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸುಳಿಗಳು. ಆದರೆ ಎದ್ದು ಕಾಣುವ ಸುಳಿಯೇ ಹೆಚ್ಚು ಶಾಖವನ್ನು ಹೊರುತ್ತದೆಂದು ಭಾವಿಸುವಂತಿಲ್ಲ. ಆದ್ದರಿಂದ ರಚನೆಗಳನ್ನು ಹುಡುಕುವ ಮೊದಲು ಶಾಖದ ಲೆಕ್ಕವನ್ನು ಸರಿಪಡಿಸಿಕೊಳ್ಳುವುದು ಲೇಸು.

ಒಟ್ಟು ಶಾಖಪ್ರವಾಹವು ಬರಿಯ ವಹನದಿಂದ ಸಾಗಬಹುದಾದದ್ದರ ಎಷ್ಟು ಪಟ್ಟು ಎಂಬುದನ್ನು ತಿಳಿಸುವ ನಸೆಲ್ಟ್ ಸಂಖ್ಯೆಯನ್ನು ಪ್ರತಿ ಎತ್ತರದಲ್ಲಿಯೂ, ಸಮತಲದುದ್ದಕ್ಕೂ ದೀರ್ಘಕಾಲಕ್ಕೂ ಸರಾಸರಿ ತೆಗೆದು ಕಂಡುಕೊಳ್ಳಿ. ಪಕ್ಕದ ಗೋಡೆಗಳಿಂದ ಶಾಖ ಸೋರದಿದ್ದರೆ ಅದು ಎಲ್ಲ ಎತ್ತರಗಳಲ್ಲಿಯೂ ಒಂದೇ ಆಗಿರಬೇಕು. ಆಗದಿದ್ದರೆ ಸಾಮಾನ್ಯವಾಗಿ ಸರಾಸರಿಯ ಅವಧಿ ಸಾಲದು, ಇಲ್ಲವೆ ಗ್ರಿಡ್, ಅಂದರೆ ಗಣಕದ ಲೆಕ್ಕಕ್ಕಾಗಿ ದ್ರವವನ್ನು ಪುಟ್ಟ ಕೋಶಗಳಾಗಿ ಹಂಚಿದ ಜಾಲ, ಒರಟಾಗಿದೆ. ಕೆಳಗಿನ ಇಲ್ಲವೆ ಮೇಲಿನ ಫಲಕಕ್ಕೆ ಅಂಟಿಕೊಂಡ ಉಷ್ಣ ಸೀಮಾಪದರದ, ಅಂದರೆ ತಾಪ ಥಟ್ಟನೆ ಬದಲಾಗುವ ತೆಳು ಪದರದ, ದಪ್ಪವು, ಒಟ್ಟು ಎತ್ತರವನ್ನು ನಸೆಲ್ಟ್ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಸುಮಾರಾಗಿ ಸಿಗುತ್ತದೆ. ನಸೆಲ್ಟ್ ಸಂಖ್ಯೆ 50 ಆಗಿದ್ದರೆ ಅದು ಎತ್ತರದ ಶೇ. 1 ಮಾತ್ರ. ಪ್ಲೂಮುಗಳು, ಅಂದರೆ ಮೇಲೇಳುವ ಬಿಸಿ ದ್ರವದ ಇಲ್ಲವೆ ಕೆಳಗಿಳಿಯುವ ತಣ್ಣನೆಯ ದ್ರವದ ಎಳೆಗಳು, ಹುಟ್ಟುವುದು ಅಲ್ಲಿಯೇ ಆದ್ದರಿಂದ ಅಷ್ಟು ತೆಳುವಿನೊಳಗೆ ಹಲವು ಗ್ರಿಡ್ ಬಿಂದುಗಳು ಬೀಳಲೇಬೇಕು.

ಪ್ಲೂಮನ್ನು ಗುರುತಿಸಲು, ಸರಾಸರಿಯಿಂದ ತಾಪದ ವಿಚಲನೆ ಹಾಗೂ ಆ ವಿಚಲನೆ ಮತ್ತು ಲಂಬ ವೇಗದ ಗುಣಲಬ್ಧ, ಇವೆರಡೂ ನೀವು ಗೊತ್ತುಮಾಡಿದ ಮಿತಿಗಳನ್ನು ಮೀರಿದ ಕೋಶಗಳನ್ನು ಆರಿಸಿಕೊಳ್ಳಿ. ಮಿತಿಗಳನ್ನು ಏರಿಸಿ ಇಳಿಸಿದಾಗ ಪ್ಲೂಮುಗಳ ಎಣಿಕೆ ಬದಲಾಗುವುದು ಸಹಜ. ತೀರ್ಮಾನವೇ ತಲೆಕೆಳಗಾದರೆ ಅದನ್ನು ನಂಬಬೇಡಿ.

ಬಳಿಕ ಒಂದಕ್ಕೊಂದು ತಾಗಿದ ಕೋಶಗಳ ಗುಂಪಿಗೆ ಒಂದೊಂದು ಸಂಖ್ಯೆ ಕೊಟ್ಟು, ಮುಂದಿನ ಕ್ಷಣದ ಚಿತ್ರದಲ್ಲಿ ಯಾವ ಗುಂಪು ಯಾವುದರ ಮೇಲೆ ಬೀಳುತ್ತದೆಂದು ನೋಡಿ ಜೋಡಿಸಬೇಕು. ಪ್ಲೂಮು ತನ್ನ ಅಗಲದಷ್ಟು ದೂರ ಸರಿಯುವುದರೊಳಗೆ ಕೆಲವು ಚಿತ್ರಗಳಾದರೂ ದಾಖಲಾಗಿರಬೇಕು. ತೊಡಕಿರುವುದು ಕೂಡುವಿಕೆಯಲ್ಲಿ. ಹಾಳೆಯಂತಹ ಎರಡು ಪ್ಲೂಮುಗಳು ಫಲಕದ ಮೇಲೆ ಒಂದರತ್ತ ಇನ್ನೊಂದು ಸರಿದು, ಸಂಧಿಸಿದ ಕಡೆಯಿಂದ ಅಣಬೆಯ ತಲೆಯಂತಹ ಮುದ್ದೆಯೊಂದು ಮೇಲೇಳುತ್ತದೆ. ಇದನ್ನು ಪ್ರೋಗ್ರಾಮು ಎರಡು ಸಾವು, ಒಂದು ಹುಟ್ಟು ಎಂದು ಬರೆದುಕೊಂಡರೆ ಆಯುಷ್ಯದ ಲೆಕ್ಕವೆಲ್ಲ ಕೆಡುತ್ತದೆ. ಹಾಗಾಗಿ ತಾಯಿ-ಮಗುವಿನ ಸಂಬಂಧವನ್ನು ವಂಶವೃಕ್ಷದಂತೆ ದಾಖಲಿಸಿ.

ಸುಳಿಗಳನ್ನು ಗುರುತಿಸಲು 1988ರಿಂದ ಬಳಕೆಯಲ್ಲಿರುವ ಕ್ಯೂ ಮಾನದಂಡ, ಅಂದರೆ ದ್ರವದ ತಿರುಗುವಿಕೆಯು ಅದರ ಹಿಗ್ಗುವಿಕೆಯನ್ನು ಮೀರಿದ ಕಡೆಯನ್ನು ಸುಳಿಯೆಂದು ಎಣಿಸುವ ಬಗೆ, ಅಗ್ಗದ ಉಪಾಯ. ಆದರೆ ನೋಡುವ ಚೌಕಟ್ಟು ತಿರುಗತೊಡಗಿದರೆ ಅದು ಕೊಡುವ ಸಂಖ್ಯೆಯೂ ಬದಲಾಗುತ್ತದೆ. ತಿರುಗುವ ಪಾತ್ರೆಯ ಹರಿವಿಗೆ ಕಣಗಳ ದಟ್ಟ ಜಾಲವನ್ನು ಬಿಟ್ಟು, ನಿಗದಿತ ಅವಧಿಯಲ್ಲಿ ನೆರೆಯ ಕಣಗಳು ಎಷ್ಟು ವೇಗವಾಗಿ ದೂರವಾದವೆಂದು ಅಳೆಯುವ ಲ್ಯಾಪುನೋವ್ ಘಾತಾಂಕವೇ ಮೇಲು. ಅದರ ಏಣುಗಳ, ಅಂದರೆ ಆ ಘಾತಾಂಕ ಅತಿ ಹೆಚ್ಚಿರುವ ಗೆರೆಗಳ, ಮೇಲೆ ಶಾಖಪ್ರವಾಹದ ನಕ್ಷೆಯನ್ನು ಹಾಸಿದರೆ ಪ್ಲೂಮಿನ ಅಂಚು ಎಲ್ಲಿದೆಯೆಂದು ಕಾಣುತ್ತದೆ. ಬರಿಯ ಅಪರೂಪಣದಿಂದಲೂ, ಅಂದರೆ ಪದರಗಳು ಒಂದರ ಮೇಲೊಂದು ಜಾರುವುದರಿಂದಲೂ, ಏಣುಗಳು ಮೂಡುವುದುಂಟಾದ್ದರಿಂದ ಶಾಖ ದಾಟದ ಏಣುಗಳನ್ನು ಬೇರೆಯಾಗಿಯೇ ಪರಿಶೀಲಿಸಿ.