ಆಸನ ಕಾಲುನೋವು, ಹಿಜ್ಕೀಯನ ಗೋಡೆ

ವಾಸಿಯಾಗದ ಕಾಯಿಲೆ ಬಂದ ಕ್ರೈಸ್ತರಿಗೆ ಎಲ್ಲರೂ ಓದಲು ಹೇಳುವುದು ಸತ್ಯವೇದದ ಯೋಬನ ಪುಸ್ತಕ. ನನಗೂ ಹೇಳಿದರು. ಸಂಧಿವಾತ ಬೆರಳುಗಳಲ್ಲಿ ಶುರುವಾಗಿ ಪಾದಗಳಿಗೆ ಇಳಿದು, ಬೆಳಿಗ್ಗೆ ಎದ್ದು ನಿಲ್ಲುವುದೇ ದೊಡ್ಡ ಕೆಲಸವಾಗಿದ್ದ ಕಾಲದಲ್ಲಿ ಅದನ್ನು ಪೂರ್ತಿ ಓದಿದೆ. ಯೋಬನ ಅಳಲು ನನ್ನದೇ ಅನ್ನಿಸಿತು; ಮುಕ್ತಾಯ ಅನ್ನಿಸಲಿಲ್ಲ. ಕೊನೆಯ ಅಧ್ಯಾಯದಲ್ಲಿ ಅವನು ಕಳೆದುಕೊಂಡದ್ದೆಲ್ಲ ಎರಡರಷ್ಟಾಗಿ ಹಿಂದಿರುಗುತ್ತದೆ. ನನ್ನ ವೈದ್ಯರು ಮೊದಲ ಭೇಟಿಯಲ್ಲೇ ಹೇಳಿದ್ದರು: ಇದನ್ನು ಹತೋಟಿಯಲ್ಲಿ ಇಡಬಹುದು, ಬೇರುಸಹಿತ ಕೀಳಲಾಗದು. ಹೀಗಾಗಿ ಆ ಅಧ್ಯಾಯ ನನಗೆ ಪಕ್ಕದ ಮನೆಯ ಮದುವೆಯ ವಾಲಗದಂತೆ ಕೇಳಿಸುತ್ತಿತ್ತು.

ಸತ್ಯವೇದದಲ್ಲಿ ಬರುವ ಯೆಹೂದದ ಅರಸರ ಕಡೆಗೆ ನನ್ನನ್ನು ತಿರುಗಿಸಿದವರು ನನ್ನನ್ನು ನೋಡಲು ಬಂದ ಒಬ್ಬ ಹಿತೈಷಿ. ಮೇಜಿನ ಮೇಲಿದ್ದ ಮಾತ್ರೆಗಳನ್ನು ಕಂಡು, ಆಸನ ವಚನ ಓದಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಅವರು ಹೋದ ಮೇಲೆ ತೆಗೆದು ನೋಡಿದೆ. 2 ಪೂರ್ವಕಾಲವೃತ್ತಾಂತ 16:12. ಯೆಹೂದದ ಅರಸನಾದ ಆಸನಿಗೆ ಆಳ್ವಿಕೆಯ 39ನೆಯ ವರ್ಷದಲ್ಲಿ ಕಾಲಿನ ರೋಗ ಬಂತು, ಅದು ಬಹಳ ಉಲ್ಬಣಿಸಿತು, ಆ ರೋಗದಲ್ಲಿಯೂ ಅವನು ಯೆಹೋವನನ್ನು ಆಶ್ರಯಿಸದೆ ವೈದ್ಯರನ್ನು ಆಶ್ರಯಿಸಿದನು. ಮುಂದಿನ ವಚನದಲ್ಲಿ ಅವನು ಸಾಯುತ್ತಾನೆ. ಕಾಲುನೋವಿನವರ ಕೈಗೆ ಕೊಡುವ ವಚನವೇ ಇದು? ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಆಸನ ಚರಿತ್ರೆಯನ್ನು ಮೊದಲಿನಿಂದ ಓದಲು ಕೂತೆ. ಸಿಟ್ಟಿನಲ್ಲಿ ಓದುವಾಗ ಒಂದು ಲಾಭವಿದೆ, ಯಾವ ಸಾಲನ್ನೂ ಸುಮ್ಮನೆ ದಾಟಿ ಹೋಗುವುದಿಲ್ಲ.

ಕಥೆ ಎರಡು ಅಧ್ಯಾಯ ಹಿಂದೆಯೇ ಆರಂಭವಾಗುತ್ತದೆ. ಕೂಷಿನ ಜೆರಹನು ಮಹಾಸೈನ್ಯದೊಡನೆ ಬಂದಾಗ ಆಸನು, ಬಲವಿಲ್ಲದವನಿಗೆ ಸಹಾಯ ಮಾಡಲು ನಿನ್ನ ಹಾಗೆ ಯಾರೂ ಇಲ್ಲ ಎಂದು ದೇವರಿಗೆ ಮೊರೆಯಿಟ್ಟಿದ್ದ. ವರ್ಷಗಳ ನಂತರ ಇಸ್ರಾಯೇಲಿನ ಅರಸ ಬಾಷನು ರಾಮಾ ಊರನ್ನು ಕೋಟೆಯಾಗಿ ಕಟ್ಟತೊಡಗಿದಾಗ ಅದೇ ಆಸನು ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮ್ ದೇಶದ ರಾಜನ ಸಹಾಯವನ್ನು ಕೊಂಡುಕೊಂಡ. ಹನಾನಿ ಎಂಬ ದರ್ಶಿ ಬಂದು ಅದನ್ನು ಖಂಡಿಸಿದ್ದಕ್ಕೆ ಅವನನ್ನು ಸೆರೆಗೆ ಹಾಕಿಸಿದ, ಜನರಲ್ಲಿ ಕೆಲವರನ್ನೂ ಪೀಡಿಸಿದ. ರೋಗದ ಮಾತು ಬರುವುದು ಇದೆಲ್ಲ ಆದ ಮೇಲೆ. ಅಂದರೆ ವಚನದ ದೂರು ವೈದ್ಯರ ಮೇಲಲ್ಲ. ಒಮ್ಮೆ ಬಯ್ಯಿಸಿಕೊಂಡ ಮನುಷ್ಯ ದೇವರೊಡನೆ ಮಾತು ಬಿಟ್ಟಿದ್ದಾನೆ. ಕಾಲು ನೋಯುವಾಗಲೂ ಆ ಮಾತು ಬಿಟ್ಟ ಹಟ ಮುಗಿದಿಲ್ಲ.

ಮಾತ್ರೆಗಳ ವಿಷಯದಲ್ಲಿ ನನಗೆ ಉತ್ತರ ಸಿಕ್ಕಿದ್ದು ಯೆಹೂದದ ಇನ್ನೊಬ್ಬ ಅರಸ ಹಿಜ್ಕೀಯನಲ್ಲಿ. ಮರಣಕರ ರೋಗದಲ್ಲಿದ್ದ ಅವನಿಗೆ, ನಿನ್ನನ್ನು ಗುಣಪಡಿಸುತ್ತೇನೆ ಎಂದು ದೇವರು ಹೇಳಿಯಾಗಿತ್ತು. ಆಮೇಲೂ ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸುತ್ತಾನೆ. ವಾಗ್ದಾನವೂ ಇದೆ, ಪಟ್ಟಿಯೂ ಇದೆ. ಅಂದಿನಿಂದ ಮಾತ್ರೆ ನುಂಗುವುದಕ್ಕೂ ಪ್ರಾರ್ಥಿಸುವುದಕ್ಕೂ ನಡುವೆ ನನ್ನ ಮನಸ್ಸಿನಲ್ಲಿ ಜಗಳವಿಲ್ಲ.

ಅರಸರನ್ನು ಓದುವ ನನ್ನ ಅಭ್ಯಾಸ ಹೀಗೆ ಆರಂಭವಾಯಿತು. ಅದನ್ನು ಹೇಗೆ ಮಾಡಿದೆ ಎಂದು ಹೇಳುತ್ತೇನೆ, ಏಕೆಂದರೆ ನೋವಿರುವವರಿಗೆ ಓದುವುದೇ ಒಂದು ಶ್ರಮ. ದಪ್ಪ ಸತ್ಯವೇದವನ್ನು ಎತ್ತಿ ಹಿಡಿಯಲು ನನ್ನ ಬೆರಳುಗಳಿಗೆ ಆಗುತ್ತಿರಲಿಲ್ಲ. ಓರೆ ಹಲಗೆಯ ಮೇಲೆ ತೆರೆದಿಟ್ಟು ಓದಿದೆ, ಅದೂ ಆಗದ ದಿನ ಮೊಬೈಲಿನಲ್ಲಿ ವಾಚನ ಕೇಳಿದೆ. ಬೆಳಗಿನ ಬಿಗಿತ ಸಡಿಲಗೊಳ್ಳುವವರೆಗೆ ಬೇರೇನೂ ಮಾಡಲಾಗದ ಹೊತ್ತು ಇದಕ್ಕೆಂದೇ ಮೀಸಲಾಯಿತು. ಒಂದು ಸಲಕ್ಕೆ ಒಬ್ಬನೇ ಅರಸ. ಅರಸುಗಳ ಪುಸ್ತಕದಲ್ಲಿ ಅವನ ಬಗ್ಗೆ ಇರುವುದನ್ನೂ ಪೂರ್ವಕಾಲವೃತ್ತಾಂತದಲ್ಲಿ ಇರುವುದನ್ನೂ ಜೊತೆಯಲ್ಲಿಟ್ಟು ನೋಡುತ್ತಿದ್ದೆ. ನೋಟ್‌ಪುಸ್ತಕದಲ್ಲಿ ಸ್ವಲ್ಪವೇ ಬರೆಯುತ್ತಿದ್ದೆ: ಅವನಿಗೆ ಬಂದ ಕಷ್ಟವೇನು, ಆಗ ದೇವರಿಗೆ ಏನಾದರೂ ಹೇಳಿದನೇ, ಹೇಗೆ ಸತ್ತ. ಪಾಠವೇನು ಎಂದು ಬರೆಯುವ ಅಂಕಣ ಇಡಲಿಲ್ಲ. ಇಟ್ಟಿದ್ದರೆ ಓದುವ ಮೊದಲೇ ಅದನ್ನು ತುಂಬಿಬಿಡುತ್ತಿದ್ದೆನೇನೋ.

ಹಿಜ್ಕೀಯನ ಬಳಿ ನಾನು ಬಹಳ ಕಾಲ ನಿಂತೆ. ಇವನೇ ಅಶ್ಶೂರದ ಅರಸ ಸನ್ಹೇರೀಬನ ಬೆದರಿಕೆಯ ಪತ್ರವನ್ನು ದೇವಾಲಯಕ್ಕೆ ಒಯ್ದು ಯೆಹೋವನ ಮುಂದೆ ಬಿಚ್ಚಿ ಹರಡಿದವನು. ನಾನೂ ನನ್ನ ರಕ್ತಪರೀಕ್ಷೆಯ ವರದಿಯನ್ನು ಹಾಗೆಯೇ ಹರಡಿ ಪ್ರಾರ್ಥಿಸಿದ್ದೇನೆ. ನಾಟಕೀಯ ಅನ್ನಿಸಬಹುದು, ಆದರೆ ಏನು ಹೇಳಬೇಕೆಂದು ತೋಚದಿದ್ದಾಗ ಕಾಗದವೇ ಹೇಳುತ್ತದೆ. ರೋಗ ಬಂದಾಗ ಅವನು ಗೋಡೆಯ ಕಡೆಗೆ ಮುಖ ತಿರುಗಿಸಿ ಬಹಳವಾಗಿ ಅತ್ತನು. ಸಮಾಧಾನ ಹೇಳಲು ಬಂದವರಿಗೆ ಬೆನ್ನು, ದೇವರಿಗೆ ಮುಖ. ಯೆಶಾಯನ ಪುಸ್ತಕದ 38ನೆಯ ಅಧ್ಯಾಯದಲ್ಲಿ ಅವನು ಗುಣವಾದ ಮೇಲೆ ಬರೆದ ಪದ್ಯವಿದೆ. ನನ್ನ ಬಾಳು ಕುರುಬನ ಗುಡಾರದಂತೆ ಕಿತ್ತುಹೋಯಿತು, ಮಗ್ಗದಿಂದ ಕತ್ತರಿಸಿದ ಬಟ್ಟೆಯಂತಾಯಿತು, ಪಾರಿವಾಳದಂತೆ ನರಳಿದೆ ಎನ್ನುತ್ತಾನೆ. ಗುಣವಾದವನು ನರಳಿದ್ದನ್ನು ಮುಚ್ಚಿಡದೆ ಸ್ತೋತ್ರದೊಳಗೇ ಸೇರಿಸಿದ್ದಾನೆ ಎಂಬುದು ನನಗೆ ಹಿಡಿಸಿತು. ಸಭೆಯಲ್ಲಿ ಸಾಕ್ಷಿ ಹೇಳುವವರು ಆ ಭಾಗವನ್ನು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ.

ಅವನಿಗೆ 15 ವರ್ಷಗಳ ಆಯುಸ್ಸು ಹೆಚ್ಚಾಗಿ ದೊರೆಯಿತು. ಆ ವರ್ಷಗಳಲ್ಲಿ ಏನಾಯಿತು ಎಂದು ಪ್ರಸಂಗಗಳಲ್ಲಿ ಹೆಚ್ಚಾಗಿ ಕೇಳಿಲ್ಲ. ಬಾಬೆಲಿನ ದೂತರು ಬಂದಾಗ ಹೆಮ್ಮೆಯಿಂದ ಅವರಿಗೆ ತನ್ನ ಭಂಡಾರವನ್ನೆಲ್ಲ ತೋರಿಸಿದ. ಅವನ ನಂತರ ಪಟ್ಟಕ್ಕೆ ಬಂದ ಮನಸ್ಸೆಗೆ ಆಗ 12 ವರ್ಷ. ಅಂದರೆ ಯೆರೂಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದ ಆ ಅರಸ ಹುಟ್ಟಿದ್ದು ಹೆಚ್ಚಾಗಿ ಸಿಕ್ಕ ಆ ವರ್ಷಗಳಲ್ಲೇ. ಆರೋಗ್ಯಕ್ಕಾಗಿ ಪ್ರಾರ್ಥಿಸುವುದನ್ನು ನಾನು ಬಿಡಲಿಲ್ಲ. ಆದರೆ ಆರೋಗ್ಯ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭರವಸೆ ಇಲ್ಲಿ ಕಳಚಿತು. ಅದು ಕ್ರೈಸ್ತ ನಿರೀಕ್ಷೆ ಅಲ್ಲವೇ ಅಲ್ಲ ಎಂದು ಈಗ ಅನ್ನಿಸುತ್ತದೆ.

ಯೋಷೀಯನ ಪುಟವನ್ನು ತೆರೆದಾಗ ಬರೆಯಲು ಏನೂ ತೋಚಲಿಲ್ಲ. ಪೂರ್ಣಮನಸ್ಸಿನಿಂದ ದೇವರ ಕಡೆಗೆ ತಿರುಗಿದ ಅರಸ, ಇವನಂಥವನು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ ಎಂದು ಹೊಗಳಿಸಿಕೊಂಡವನು. ಎಂಟನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 31 ವರ್ಷ ಆಳಿ, ಕ್ರಿಸ್ತಪೂರ್ವ 609ರಲ್ಲಿ ಮೆಗಿದ್ದೋವಿನಲ್ಲಿ ಐಗುಪ್ತದ ಅರಸ ಫರೋಹ ನೆಕೋವಿನ ಎದುರು ನಿಂತು ಪ್ರಾಣ ಕಳೆದುಕೊಂಡ. ಪೂರ್ವಕಾಲವೃತ್ತಾಂತ ಒಂದು ಕಾರಣ ಕೊಡುತ್ತದೆ: ನೆಕೋವಿನ ಮೂಲಕ ಬಂದ ದೇವರ ಮಾತಿಗೆ ಅವನು ಕಿವಿಗೊಡಲಿಲ್ಲ. ಅರಸುಗಳ ಪುಸ್ತಕ ಯಾವ ಕಾರಣವನ್ನೂ ಕೊಡದೆ ರಥದಲ್ಲಿ ಶವವನ್ನು ಊರಿಗೆ ತರಿಸುತ್ತದೆ. ನನ್ನ ನೋಟ್‌ಪುಸ್ತಕದ ಆ ಪುಟದಲ್ಲಿ ಹೆಸರೊಂದೇ ಇದೆ.

ನನಗೆ ದಾರಿ ತೆರೆದವನು ಯಾರೂ ಹೆಚ್ಚಾಗಿ ನೆನೆಯದ ಯೆಹೋಯಾಖೀನ. 18ರ ಪ್ರಾಯದಲ್ಲಿ ಪಟ್ಟ, ಮೂರೇ ತಿಂಗಳ ಆಳ್ವಿಕೆ, ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿಗೆ ಸೆರೆ. ಅವನ ನಂತರದ ಚಿದ್ಕೀಯನ ಕಣ್ಣೆದುರೇ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣುಗಳನ್ನು ಕೀಳಿಸಿದರು, ದೇವಾಲಯ ಸುಟ್ಟುಹೋಯಿತು. ಅರಸುಗಳ ಎರಡನೆಯ ಪುಸ್ತಕ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಇನ್ನು ನಾಲ್ಕು ವಚನಗಳಿವೆ. ಸೆರೆಯ 37ನೆಯ ವರ್ಷದಲ್ಲಿ ಬಾಬೆಲಿನ ಹೊಸ ಅರಸ ಎವೀಲ್ಮೆರೋದಕನು ಯೆಹೋಯಾಖೀನನನ್ನು ಬಿಡಿಸಿ, ದಯೆಯಿಂದ ಮಾತಾಡಿ, ಸೆರೆಯ ಬಟ್ಟೆ ತೆಗೆಸಿ, ತನ್ನ ಪಂಕ್ತಿಯಲ್ಲಿ ಕೂರಿಸಿಕೊಳ್ಳುತ್ತಾನೆ. ಬದುಕಿರುವವರೆಗೆ ಪ್ರತಿದಿನವೂ ಅವನಿಗೆ ಊಟ. ಬಾಬೆಲಿನ ಅವಶೇಷಗಳಲ್ಲಿ ದೊರೆತ ಮಣ್ಣಿನ ಹಲಗೆಗಳಲ್ಲಿ ಯೆಹೂದದ ಈ ಅರಸನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಅದು ಬಿಡುಗಡೆಗೆ ಬಹಳ ಹಿಂದಿನ ಲೆಕ್ಕ. ಸೆರೆಯ ಕಾಲದಲ್ಲೂ ಯಾರೋ ಅವನ ಪಾಲನ್ನು ಅಳೆಯುತ್ತಿದ್ದರು.

ಅವನು ಯೆರೂಸಲೇಮಿಗೆ ಹಿಂದಿರುಗಲಿಲ್ಲ, ಸಿಂಹಾಸನವೂ ಮರಳಿ ಸಿಗಲಿಲ್ಲ. ಯೋಬನಿಗೆ ಸಿಕ್ಕಂತೆ ಎರಡರಷ್ಟಂತೂ ಇಲ್ಲವೇ ಇಲ್ಲ. ಸಿಕ್ಕಿದ್ದು ಅಂದಂದಿನ ಪಾಲು. ನನ್ನ ಸ್ಥಿತಿಗೆ ಇಷ್ಟು ಹತ್ತಿರವಾದ ಇನ್ನೊಂದು ವಾಕ್ಯಭಾಗವನ್ನು ನಾನು ಕಂಡಿಲ್ಲ.

ಮತ್ತಾಯನ ಮೊದಲ ಅಧ್ಯಾಯದಲ್ಲಿ ಯೆಕೊನ್ಯ ಎಂಬ ಹೆಸರಿನಲ್ಲಿ ಅವನೇ ಮತ್ತೆ ಕಾಣಿಸಿಕೊಳ್ಳುತ್ತಾನೆ. ಆ ವಂಶಾವಳಿಯನ್ನು ಹಿಂದೆ ಹಾರಿಸಿ ಓದುತ್ತಿದ್ದೆ. ಈಗ ಅದರಲ್ಲಿ ಪರಿಚಿತರೇ ತುಂಬಿದ್ದಾರೆ. ಕಾಲುನೋವಿನ ಆಸ, ಕುಷ್ಠ ಹತ್ತಿ ಸಾಯುವವರೆಗೆ ಪ್ರತ್ಯೇಕ ಮನೆಯಲ್ಲಿದ್ದ ಉಜ್ಜೀಯ, ಗೋಡೆಗೆ ಮುಖ ಮಾಡಿದ ಹಿಜ್ಕೀಯ, ಸೆರೆಯಲ್ಲಿ ಪ್ರಾರ್ಥಿಸಲು ಕಲಿತ ಮನಸ್ಸೆ, ಯೋಷೀಯ. ಇವರಲ್ಲಿ ಯಾರ ಕೊನೆಯೂ ಮೆರವಣಿಗೆಯಲ್ಲಿ ಆಗಲಿಲ್ಲ. ಆದರೂ ಈ ಸಾಲು ಕಡಿಯದೆ ಯೇಸುವಿನವರೆಗೆ ಬರುತ್ತದೆ.

ಈ ಅರಸರ ಮೂಲಪುರುಷ ದಾವೀದ, ಮಗ ಅಬ್ಷಾಲೋಮನಿಗೆ ಹೆದರಿ ಓಡಿದಾಗ ಕಿದ್ರೋನ್ ಹಳ್ಳ ದಾಟಿ, ಬರಿಗಾಲಿನಲ್ಲಿ ಅಳುತ್ತಾ ಎಣ್ಣೆಮರಗಳ ಗುಡ್ಡ ಹತ್ತಿದ. ಹಿಡಿಯಲ್ಪಡುವ ರಾತ್ರಿ ಯೇಸು ದಾಟಿದ್ದೂ ಅದೇ ಹಳ್ಳವನ್ನು ಎಂದು ಯೋಹಾನನು ಬರೆಯುತ್ತಾನೆ. ಗೆತ್ಸೇಮನೆಯಲ್ಲಿ ಆತನ ಪ್ರಾರ್ಥನೆ ಹಿಜ್ಕೀಯನದಕ್ಕೆ ಬಹಳ ಹತ್ತಿರ: ಈ ಪಾತ್ರೆ ನನ್ನಿಂದ ದಾಟಿಹೋಗಲಿ. ಹಿಜ್ಕೀಯನಿಗೆ ಸಿಕ್ಕಿದ್ದು 15 ವರ್ಷ, ಯೇಸುವಿಗೆ ಸಿಕ್ಕಿದ್ದು ಮುಳ್ಳಿನ ಕಿರೀಟ. ಆದರೂ ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ, ಆತನ ಕಣ್ಣೀರಿನ ಮೊರೆ ಕೇಳಲ್ಪಟ್ಟಿತು ಎನ್ನುತ್ತದೆ. ಮರಣದಿಂದ ದೂರವಿಟ್ಟು ಅಲ್ಲ, ಮರಣದ ಆಚೆಯಿಂದ ಎಬ್ಬಿಸಿ. ಎದ್ದ ಆ ದೇಹದಲ್ಲೂ ಮೊಳೆಯ ಗುರುತುಗಳಿದ್ದವು. ಈ ದೀನ ದೇಹವನ್ನು ಆತನು ತನ್ನ ಮಹಿಮೆಯ ದೇಹದಂತೆ ಮಾಡುವನು ಎಂಬ ಪೌಲನ ಮಾತನ್ನು ನನ್ನ ವಕ್ರವಾದ ಬೆರಳುಗಳನ್ನು ನೋಡಿಕೊಂಡೇ ಓದುತ್ತೇನೆ. ಹೆಚ್ಚು ವರ್ಷಗಳು ಸಿಗದೆ ಹೋದರೂ ನಿಲ್ಲುವ ನಿರೀಕ್ಷೆ ಇದೊಂದೇ.

ನೋವು ಇದೆ. ಔಷಧಿ ಬದಲಾದಾಗ ಕೆಲವು ವಾರ ಕಡಿಮೆಯಾಗಿ ಮತ್ತೆ ಬರುತ್ತದೆ. ಯಾರಾದರೂ ಹೊಸದಾಗಿ ಕಾಯಿಲೆ ಬಿದ್ದವರು ಕೇಳಿದರೆ ಅರಸುಗಳ ಎರಡನೆಯ ಪುಸ್ತಕದ ಕೊನೆಯ ನಾಲ್ಕು ವಚನಗಳಿಂದ ಆರಂಭಿಸಿ ಹಿಂದಕ್ಕೆ ಓದಿ ಎನ್ನುತ್ತೇನೆ. ಆಸನ ವಚನವನ್ನು ಯಾರಾದರೂ ತಂದರೆ 14ನೆಯ ಅಧ್ಯಾಯದಿಂದ ಓದಿಸಿ ಎಂದೂ ಸೇರಿಸುತ್ತೇನೆ. ನಾನು ಎರಡನೆಯ ಸುತ್ತಿನಲ್ಲಿ ಅಮಚ್ಯನವರೆಗೆ ಬಂದಿದ್ದೇನೆ. ಒಂದು ಗೆಲುವಿನ ಅಮಲಿನಲ್ಲಿ ಬೇಡದ ಯುದ್ಧಕ್ಕೆ ಕರೆಕೊಟ್ಟು ಸೋತ ಈ ಅರಸ ಮೊದಲ ಸುತ್ತಿನಲ್ಲಿ ನನಗೆ ಸ್ವಲ್ಪವೂ ಇಷ್ಟವಾಗಿರಲಿಲ್ಲ, ಈಗಲೂ ಆಗುತ್ತಿಲ್ಲ. ಆದರೆ ಅವನ ಮಗನೇ ಉಜ್ಜೀಯ, ಹಾಗಾಗಿ ಅವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.