ಬ್ಯಾಕಪ್ ಡಿಸ್ಕ್ ಕಪಾಟಿನಲ್ಲೇ ಇರಲಿ, ಮೊದಲು ಸ್ಕ್ಯಾನ್ ಮಾಡಿ

ಮಳೆಗಾಲದಲ್ಲಿ ಮಲೆನಾಡಿನ ಕಂಪ್ಯೂಟರ್ ಕೈಕೊಟ್ಟಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ವೈರಸ್ ಬಂದಿದೆ. ಅದರ ಬೆನ್ನಿಗೇ ಇನ್ನೊಂದು: ಹೇಗೂ ಬ್ಯಾಕಪ್ ಇದೆಯಲ್ಲ, ಹಾಕಿಬಿಡೋಣ. ಮೊದಲನೆಯ ಮಾತು ಎಷ್ಟೋ ಸಲ ಸುಳ್ಳು, ಎರಡನೆಯದು ಅಪಾಯ. ವೈರಸ್ ಇರುವ ಯಂತ್ರಕ್ಕೆ ಬ್ಯಾಕಪ್ ಡಿಸ್ಕ್ ಚುಚ್ಚಿದರೆ ಉಳಿದಿದ್ದ ಒಂದೇ ಒಳ್ಳೆಯ ಪ್ರತಿಯೂ ಕೆಡಬಹುದು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಆಗಿದ್ದರೆ ಆ ಡಿಸ್ಕನ್ನೂ ಬಿಡುವುದಿಲ್ಲ. ಅಡಿಕೆ ಮಂಡಿಯ ಟ್ಯಾಲಿ ಲೆಕ್ಕವಿರಲಿ, ಮಗಳ ಮದುವೆಯ ಫೋಟೊಗಳಿರಲಿ, ಅವು ಇರುವ ಡಿಸ್ಕ್ ಸದ್ಯಕ್ಕೆ ಕಪಾಟಿನಿಂದ ಹೊರಗೆ ಬರುವುದು ಬೇಡ.

ಮೊದಲು ಇಂಟರ್ನೆಟ್ ತಂತಿ ಕೀಳಿ, ವೈಫೈ ಆರಿಸಿ. ಅಂಗಡಿಯಲ್ಲಿ ಎರಡು ಮೂರು ಕಂಪ್ಯೂಟರುಗಳು ಒಂದಕ್ಕೊಂದು ಜೋಡಿಕೊಂಡಿದ್ದರೆ ಇದನ್ನು ಕೂಡಲೇ ಮಾಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನಾಕ್ರೈ ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ದಾಟಿತ್ತು. ಗೂಗಲ್ ಡ್ರೈವ್, ಒನ್‌ಡ್ರೈವ್ ಬಳಸುವವರಿಗೆ ಇನ್ನೊಂದು ಕಾರಣವೂ ಇದೆ: ಸಂಪರ್ಕ ಇರುವವರೆಗೆ ಕೆಟ್ಟ ಫೈಲುಗಳು ಒಳ್ಳೆಯವುಗಳ ಜಾಗಕ್ಕೆ ಏರುತ್ತಲೇ ಇರುತ್ತವೆ.

ಈಗ ಕಾಯಿಲೆ ಯಾವುದೆಂದು ನೋಡಿ. ನಮ್ಮ ಕಡೆ ವೋಲ್ಟೇಜ್ ಏರಿಳಿತ, ಸಿಡಿಲು, ತೇವ ಇವು ವೈರಸ್ಸಿಗಿಂತ ಕಡಿಮೆ ಹಾನಿ ಮಾಡುವುದಿಲ್ಲ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಒಂದು ಸಣ್ಣ ಫೈಲ್ ತೆರೆಯಲೂ ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಸ್ಕ್ಯಾನ್‌ಗೆ ಕೈ ಹಾಕಬೇಡಿ. ಪೂರ್ತಿ ಸ್ಕ್ಯಾನ್ ಎಂದರೆ ಡಿಸ್ಕಿನ ಒಂದೊಂದು ಫೈಲನ್ನೂ ಓದಿಸುವುದು. ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಏಟಾಗಬಹುದು. ಅಂಥದನ್ನು ರಿಪೇರಿಯವರಿಗೆ ಕೊಟ್ಟು ಮೊದಲು ಡೇಟಾ ತೆಗೆಸಿ. ಇದಲ್ಲದೆ ಆಂಟಿವೈರಸ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗದಿದ್ದರೆ, ಬ್ರೌಸರ್ ತನ್ನಷ್ಟಕ್ಕೆ ಪುಟಗಳನ್ನು ತೆರೆಯುತ್ತಿದ್ದರೆ, ಫೈಲುಗಳ ಹೆಸರಿಗೆ ಕಂಡರಿಯದ ಬಾಲ ಅಂಟಿಕೊಂಡಿದ್ದರೆ ವೈರಸ್ ಎಂದೇ ತಿಳಿಯಿರಿ.

ಇಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಗುರುತು ಪೆನ್‌ಡ್ರೈವಿನದು. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪಹಣಿಯನ್ನೋ ಅರ್ಜಿಯನ್ನೋ ಪ್ರಿಂಟ್ ಹಾಕಿಸಿ ಮನೆಗೆ ಬಂದು ಚುಚ್ಚಿದರೆ ಫೋಲ್ಡರುಗಳೆಲ್ಲ ಇದ್ದಂತೆಯೇ ಕಾಣುತ್ತವೆ. ಕಣ್ಣಿಟ್ಟು ನೋಡಿದರೆ ಪ್ರತಿ ಫೋಲ್ಡರಿನ ಎಡ ಮೂಲೆಯಲ್ಲಿ ಪುಟ್ಟ ಬಾಗಿದ ಬಾಣ. ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಗಾತ್ರ 2 ಕೆಬಿ. ಅದು ಫೋಲ್ಡರ್ ಅಲ್ಲ, ವೈರಸ್ಸನ್ನು ಎಬ್ಬಿಸುವ ಶಾರ್ಟ್‌ಕಟ್. ನಿಜವಾದ ಫೋಲ್ಡರುಗಳನ್ನು ಅದು ಅಲ್ಲೇ ಅಡಗಿಸಿಟ್ಟಿರುತ್ತದೆ. ಎಲ್ಲವೂ ಹೋಯಿತೆಂದು ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ.

ಸ್ಕ್ಯಾನ್‌ಗೆ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಗೇ ಬಂದಿರುತ್ತದೆ. ಅದಕ್ಕೆ ಹೊಸ ವೈರಸ್‌ಗಳ ಪಟ್ಟಿ ಬೇಕಲ್ಲ, ನಾವು ಇಂಟರ್ನೆಟ್ ಕಿತ್ತಿದ್ದೇವೆ. ಆ ಪಟ್ಟಿಯ ಫೈಲ್ ಮೈಕ್ರೋಸಾಫ್ಟ್ ಜಾಲತಾಣದಲ್ಲಿ ಬೇರೆಯಾಗಿಯೇ ಸಿಗುತ್ತದೆ. ಸಾಗರಕ್ಕೋ ತೀರ್ಥಹಳ್ಳಿಗೋ ಹೋದಾಗ ಆರೋಗ್ಯವಾಗಿರುವ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಖಾಲಿ ಪೆನ್‌ಡ್ರೈವಿನಲ್ಲಿ ತಂದು ಹಾಕಿ. ಕೆಲಸ ಮುಗಿದ ಮೇಲೆ ಆ ಪೆನ್‌ಡ್ರೈವ್ ಮಾತ್ರ ಫಾರ್ಮ್ಯಾಟ್ ಆಗಲೇಬೇಕು.

ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ. ಕ್ವಿಕ್ ಸ್ಕ್ಯಾನ್ ಈ ಹೊತ್ತಿಗೆ ಸಾಲದು. ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ; ವಿಂಡೋಸ್ ಜೊತೆಗೇ ಎದ್ದು ಆಂಟಿವೈರಸ್ಸಿನ ಕಣ್ಣು ಕಟ್ಟುವ ಜಾತಿಯವು ಸಿಕ್ಕಿಬೀಳುವುದು ಇಲ್ಲಿಯೇ. ಸುಮಾರು 15 ನಿಮಿಷ ಸಾಕು. ಅದು ಮುಗಿದ ಮೇಲೆ ಫುಲ್ ಸ್ಕ್ಯಾನ್ ಹಚ್ಚಿ. ಅದಕ್ಕೆ ಗಂಟೆಗಟ್ಟಲೆ ಬೇಕು. ನಡುವೆ ಕರೆಂಟ್ ಹೋದರೆ ಹೆದರಬೇಕಿಲ್ಲ, ಮತ್ತೆ ಮೊದಲಿನಿಂದ ಹಚ್ಚಿದರಾಯಿತು.

ಒಬ್ಬ ವೈದ್ಯರ ಮಾತನ್ನಷ್ಟೇ ನಂಬಬೇಡಿ ಎನ್ನುವವನು ನಾನು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಸ್ಕ್ಯಾನರುಗಳಿವೆ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಕೂಡ ಉಚಿತ, ಆದರೆ ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ. ಹಳೆಯದನ್ನು ಇಟ್ಟುಕೊಂಡು ಉಪಯೋಗವಿಲ್ಲ. ತೆಗೆದ ವೈರಸ್ ಎರಡನೆಯ ಸಲವೂ ಅದೇ ಹೆಸರಿನಲ್ಲಿ ಸಿಕ್ಕಿತೆಂದರೆ ಗುದ್ದಾಟ ನಿಲ್ಲಿಸಿ. ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕಿಕೊಂಡು, ಕೆಟ್ಟ ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಯಂತ್ರ ತಡೆಯುವುದಾದರೆ ಈ ನೆಪದಲ್ಲಿ 11ಕ್ಕೆ ಹೋಗುವುದು ಒಳ್ಳೆಯದು. ಈ ಕೆಲಸದ ನಡುವೆ ಮಾತ್ರ ಕರೆಂಟ್ ಹೋಗಬಾರದು. ಗಾಳಿಮಳೆಯ ಸಂಜೆ ಶುರು ಮಾಡಬೇಡಿ.

ಯಂತ್ರ ಶುದ್ಧವಾಯಿತು, ಈಗ ಡಿಸ್ಕ್ ಕಪಾಟಿನಿಂದ ಬರಲಿ. ಚುಚ್ಚಿದ ಕೂಡಲೇ ಒಳಗಿನದನ್ನು ತೆರೆಯದೆ, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಅದನ್ನೂ ಸ್ಕ್ಯಾನ್ ಮಾಡಿಸಿ. ವೈರಸ್ ತಿಂಗಳ ಹಿಂದೆಯೇ ಒಳಬಂದಿದ್ದರೆ ಕಳೆದ ವಾರದ ಬ್ಯಾಕಪ್ಪಿನಲ್ಲೂ ಅದು ಇರುತ್ತದೆ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲುಗಳ ಒಳಗನ್ನು ಯಾವ ಸ್ಕ್ಯಾನರೂ ನೋಡಲಾರದು. ಅವನ್ನು ಬಿಚ್ಚಿ ಇನ್ನೊಮ್ಮೆ ನೋಡಬೇಕು. ಇಡೀ ಡಿಸ್ಕಿನ ಇಮೇಜ್ ಬ್ಯಾಕಪ್ ಆಗಿದ್ದರೆ ತೊಂದರೆ ಕಾಣಿಸಿಕೊಳ್ಳುವುದಕ್ಕಿಂತ ಸಾಕಷ್ಟು ಹಿಂದಿನ ತಾರೀಖಿನದನ್ನೇ ಆರಿಸಿ, ಏಕೆಂದರೆ ಇಮೇಜ್ ವೈರಸ್ಸನ್ನೂ ಇದ್ದ ಜಾಗಕ್ಕೇ ತಂದು ಕೂರಿಸುತ್ತದೆ.

ನನ್ನ ಸಲಹೆ ಕೇಳಿದರೆ ಇಮೇಜ್ ಬಿಡಿ. ಫೋಟೊ, ದಾಖಲೆ, ಟ್ಯಾಲಿಯ ಡೇಟಾ ಫೋಲ್ಡರ್ ಇಷ್ಟನ್ನೇ ನಕಲು ಮಾಡಿಕೊಂಡು, ತಂತ್ರಾಂಶಗಳನ್ನು ಅವುಗಳ ಮೂಲ ಜಾಲತಾಣದಿಂದ ಹೊಸದಾಗಿ ಇಳಿಸಿಕೊಳ್ಳಿ. ಬ್ಯಾಕಪ್ಪಿನಲ್ಲಿ ‘ಸೆಟಪ್’ ಎಂಬ ಫೋಲ್ಡರಿನಲ್ಲಿ ಕೂಡಿಟ್ಟ, ಯಾರೋ ಕೊಟ್ಟ ಕ್ರ್ಯಾಕ್ (ಲೈಸೆನ್ಸ್ ಮುರಿದ) ಪ್ರತಿಗಳಿದ್ದರೆ ಅಳಿಸಿಹಾಕಿ. ಈ ಸಲದ ವೈರಸ್ ಬಂದದ್ದು ಅಲ್ಲಿಂದಲೇ ಇರಬಹುದು. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನು ಬದಲಿಸಲು ಇದೆಲ್ಲ ಮುಗಿಯುವವರೆಗೆ ಕಾಯಬೇಡಿ, ವೈರಸ್ ಎಂದು ಗೊತ್ತಾದ ದಿನವೇ ಮೊಬೈಲಿನಿಂದ ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಎಷ್ಟು ಬೇಗ ಕರೆ ಮಾಡಿದರೆ ಆ ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.