ವೆನೀರ್ ಹಾಕಿಸುವುದು ಹೇಗೆ? ಹಲ್ಲು ತೇಯುವ ಮೊದಲು ಮಾಕಪ್ ನೋಡಿ

ಮದುವೆಗೆ ಹದಿನೈದು ದಿನ ಇದೆ ಅನ್ನುವಾಗ ವೆನೀರ್ ಹಾಕಿಸಲು ಓಡುವವರನ್ನು ನೋಡಿ ಸಾಕಾಗಿದೆ. ಬೆಂಗಳೂರಿನಲ್ಲಿ ಯಾವ ಬಡಾವಣೆಗೆ ಹೋದರೂ ‘ಸ್ಮೈಲ್ ಮೇಕೋವರ್’ ಬೋರ್ಡು ಕಾಣುತ್ತದೆ, ಜೊತೆಗೆ ಇಎಂಐ ಕೂಡ ಸಿಗುತ್ತದೆ. ಹಾಕಿಸುವುದು ಕಷ್ಟವಲ್ಲ. ಹಾಕಿಸಿದ್ದು ನಿಮ್ಮದೇ ಹಲ್ಲಿನ ಹಾಗೆ ಕಾಣಬೇಕಲ್ಲ, ಎಡವುವುದು ಅಲ್ಲೇ. ಸರಿಯಾಗಿ ಮಾಡಿಸಿದರೆ ಒಂದೂವರೆ ತಿಂಗಳು ಹಿಡಿಯುತ್ತದೆ. ಹಾಗಾಗಿ ಮುಹೂರ್ತಕ್ಕೆ ಎರಡು ತಿಂಗಳು ಮೊದಲೇ ಶುರು ಮಾಡಿ.

ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ. ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ಹೆಚ್ಚುಕಡಿಮೆ ನಿಮ್ಮ ಬೆರಳಿನ ಉಗುರಿನಷ್ಟು. ಅದಕ್ಕೆ ಜಾಗ ಮಾಡಲು ಸಾಮಾನ್ಯವಾಗಿ ಎನಾಮೆಲ್ ಅನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ಸ್ವಲ್ಪ ತೇಯುತ್ತಾರೆ. ತೇಯ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಹೆಜ್ಜೆ 1: ನಿಮಗೆ ಬೇಕಾ, ನೋಡಿ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದ ಎಷ್ಟೋ ಜನರ ಹಲ್ಲಿನ ಮೇಲೆ ಫ್ಲೋರೈಡ್ ಕಲೆ ಇರುತ್ತದೆ. ಕಲೆ ತೆಳುವಾಗಿದ್ದರೆ ಬ್ಲೀಚಿಂಗ್ ಅಥವಾ ಮೇಲಿನ ಪದರವನ್ನು ಸೂಕ್ಷ್ಮವಾಗಿ ಉಜ್ಜಿ ತೆಗೆಯುವ ಚಿಕಿತ್ಸೆಯಲ್ಲೇ ಸಾಕಷ್ಟು ಹೋಗುತ್ತದೆ. ಮೊದಲು ಅದನ್ನು ಮಾಡಿಸಿ. ಹಲ್ಲು ಸೊಟ್ಟಗಿದ್ದರೆ ಕ್ಲಿಪ್ ಹಾಕಿಸಿ. ಸೊಟ್ಟ ಹಲ್ಲನ್ನು ತೇಯ್ದು ನೆಟ್ಟಗೆ ಕಾಣಿಸುವುದು ಬೇಗ ಆಗುತ್ತದೆ, ನಿಜ. ಆದರೆ ಅದಕ್ಕೆ ಒಳ್ಳೆಯ ಹಲ್ಲು ಬಲಿಯಾಗುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಈ ಸುದ್ದಿಯೇ ಬೇಡ.

ಹೆಜ್ಜೆ 2: ಡಾಕ್ಟರನ್ನು ಹುಡುಕಿ

ಪ್ರೊಸ್ಥೊಡಾಂಟಿಕ್ಸ್ (ಕ್ಯಾಪ್, ಕಟ್ಟಿಸುವ ಹಲ್ಲಿನ ವಿಭಾಗ) ಅಥವಾ ಕನ್ಸರ್ವೇಟಿವ್ ಡೆಂಟಿಸ್ಟ್ರಿಯಲ್ಲಿ (ಇರುವ ಹಲ್ಲನ್ನೇ ಉಳಿಸಿ ಸರಿಮಾಡುವ ವಿಭಾಗ) ಎಂಡಿಎಸ್, ಅಂದರೆ ಸ್ನಾತಕೋತ್ತರ ಪದವಿ, ಮಾಡಿದವರಾದರೆ ಒಳ್ಳೆಯದು. ಕರ್ನಾಟಕ ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಅಂತೂ ಇರಲೇಬೇಕು. ಅವರೇ ಮಾಡಿದ, ನಾಲ್ಕೈದು ವರ್ಷ ಹಳೆಯ ಕೇಸಿನ ಫೋಟೊ ಕೇಳಿ. ನಿನ್ನೆ ಅಂಟಿಸಿದ್ದು ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಕೈ ಬಿಗಿ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು ಅಥವಾ ಊರಿನ ಬೇರೆ ದಂತ ಕಾಲೇಜುಗಳಲ್ಲಿ ವಿಚಾರಿಸಿ. ಅಲ್ಲಿ ಓಡಾಟ ಜಾಸ್ತಿ, ಖರ್ಚು ಕಡಿಮೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: “ಹಲ್ಲನ್ನು ಸುತ್ತಲೂ ತೇಯುತ್ತೀರಾ?” ಹೌದು ಅಂದರೆ ಅದು ವೆನೀರ್ ಅಲ್ಲ, ಕ್ಯಾಪ್. ವೆನೀರ್ ಹೆಸರಿನಲ್ಲಿ ಗಟ್ಟಿಮುಟ್ಟಾದ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡು ಬಂದವರಿದ್ದಾರೆ. ಬ್ಯೂಟಿ ಪಾರ್ಲರಿನಲ್ಲಿ ಹಲ್ಲಿಗೆ ಕೈ ಹಾಕಿಸಬೇಡಿ. ಆನ್‌ಲೈನಿನಲ್ಲಿ ಸಿಗುವ ‘ಬಿಸಿನೀರಲ್ಲಿ ಅದ್ದಿ ಹಾಕಿಕೊಳ್ಳಿ’ ಸೆಟ್ಟು ನಾಟಕದ ಮೇಕಪ್ಪಿಗೆ ಆದೀತು, ಅಷ್ಟೇ.

ಹೆಜ್ಜೆ 3: ಕ್ಲೀನಿಂಗ್, ಹುಳುಕು, ವಸಡು

ಇದೆಲ್ಲ ಮೊದಲು ಮುಗಿಯಲಿ. ಉಳಿದ ಹಲ್ಲಿಗೆ ಬ್ಲೀಚಿಂಗ್ ಬೇಕಿದ್ದರೆ ಅದೂ ಈಗಲೇ ಆಗಲಿ, ಆಮೇಲೆ ಎರಡು ವಾರ ಬಿಡಿ. ಬ್ಲೀಚ್ ಆದ ಕೂಡಲೇ ಅಂಟಿಸಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಹೆಜ್ಜೆ 4: ಕಾಂಪೊಸಿಟ್ಟಾ, ಸೆರಾಮಿಕ್ಕಾ?

ಒಂದು ಹಲ್ಲಿನ ಮೂಲೆ ಚಕ್ಕೆ ಹೋಗಿದೆ, ಸಣ್ಣ ಸಂದಿ ಇದೆ ಅಂದರೆ ಕಾಂಪೊಸಿಟ್ (ಹಲ್ಲಿನ ಬಣ್ಣದ ರೆಸಿನ್) ಸಾಕು. ಒಂದೇ ಸಲಕ್ಕೆ ಮುಗಿಯುತ್ತದೆ, ಒಡೆದರೆ ತೇಪೆ ಹಾಕಬಹುದು. ಆದರೆ ದಿನಕ್ಕೆ ಮೂರು ಫಿಲ್ಟರ್ ಕಾಫಿ ಕುಡಿಯುವವರಿಗೆ ಬೇಗ ಬಣ್ಣ ಹಿಡಿಯುತ್ತದೆ. ಆರೆಂಟು ಹಲ್ಲು ಅಂದರೆ ಸೆರಾಮಿಕ್ಕೇ ಸರಿ, ಅದರಲ್ಲೂ ಲಿಥಿಯಂ ಡೈಸಿಲಿಕೇಟ್ ಅನ್ನುವ ಗಟ್ಟಿ ಗಾಜಿನಂಥ ಸೆರಾಮಿಕ್. ಹಲ್ಲೊಂದಕ್ಕೆ 10,000 ರೂಪಾಯಿ ದಾಟುವುದು ಮಾಮೂಲು. ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬರುತ್ತದೆ. ಎಷ್ಟು ಹಲ್ಲಿಗೆ ಎಂಬುದನ್ನು ಪ್ಯಾಕೇಜ್ ನೋಡಿ ನಿರ್ಧರಿಸಬೇಡಿ. ಜೋರಾಗಿ ನಕ್ಕಾಗ ಎಷ್ಟು ಹಲ್ಲು ಕಾಣುತ್ತದೆ ಎಂದು ಎಣಿಸಿ.

ಹೆಜ್ಜೆ 5: ಮಾಕಪ್

ಇಲ್ಲಿ ನಿಧಾನ ಮಾಡಿ. ಹಲ್ಲನ್ನು ಮುಟ್ಟುವ ಮೊದಲೇ ಹೊಸ ನಗು ಹೇಗಿರುತ್ತದೆ ಎಂದು ಬಾಯಲ್ಲೇ ಹಾಕಿ ನೋಡುವುದಕ್ಕೆ ಮಾಕಪ್ ಅನ್ನುತ್ತಾರೆ. ನಿಮ್ಮ ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ತೆಗೆದು, ಲ್ಯಾಬಿನಲ್ಲಿ ಅದರ ಮೇಲೆ ಹೊಸ ಆಕಾರ ಕಟ್ಟುತ್ತಾರೆ. ಆಮೇಲೆ ಸಿಲಿಕೋನ್ ಅಚ್ಚಿಗೆ ಮೆತ್ತಗಿನ ರೆಸಿನ್ ತುಂಬಿ ನಿಮ್ಮ ಹಲ್ಲಿನ ಮೇಲೆ ಒತ್ತಿ ಹಿಡಿಯುತ್ತಾರೆ. ಕೆಲವೇ ನಿಮಿಷ. ಅಚ್ಚು ಬಿಡಿಸಿದರೆ ಹೊಸ ಹಲ್ಲು ಕೂತಿರುತ್ತದೆ, ವಸಡಿನ ಅಂಚಿಗೆ ಒಸರಿದ ತೆಳು ಎಳೆಯನ್ನು ಡಾಕ್ಟರು ಸಣ್ಣ ಬ್ಲೇಡಿನಲ್ಲಿ ಬಿಡಿಸಿ ತೆಗೆಯುತ್ತಾರೆ. ಇಷ್ಟವಾಗದಿದ್ದರೆ ಪೂರ್ತಿ ಕಿತ್ತು ಹಾಕಬಹುದು.

ಕೆಲವು ಕಡೆ ಕಂಪ್ಯೂಟರಿನಲ್ಲಿ ನಿಮ್ಮ ಫೋಟೊಗೆ ಬಿಳಿ ಹಲ್ಲು ಅಂಟಿಸಿ ತೋರಿಸಿ “ನೋಡಿ ಮೇಡಂ, ಹೀಗೇ ಬರುತ್ತೆ” ಅನ್ನುತ್ತಾರೆ. ಒಪ್ಪಬೇಡಿ. ಫೋಟೊದಲ್ಲಿರುವ ಹಲ್ಲಿಗೆ ನಾಲಿಗೆ ತಾಗುವುದಿಲ್ಲ. ಮಾಕಪ್ಪಿಗೆ ಬೇರೆ ಚಾರ್ಜ್ ಅಂದರೂ ಕೊಟ್ಟುಬಿಡಿ.

ಮಾಕಪ್ ಹಾಕಿಕೊಂಡು ಕುರ್ಚಿಯಿಂದ ಎದ್ದು ನಿಲ್ಲಿ, ಮಲಗಿ ನೋಡಬೇಡಿ. ಐವತ್ತರಿಂದ ಅರವತ್ತರವರೆಗೆ ಜೋರಾಗಿ ಎಣಿಸಿ: ಐವತ್ತು, ಐವತ್ತೊಂದು, ಐವತ್ತೆರಡು. ‘ವ’ ಅನ್ನುವಾಗ ಮೇಲಿನ ಹಲ್ಲಿನ ತುದಿ ಕೆಳತುಟಿಯ ಒಳ ಅಂಚಿಗೆ ಮೆಲ್ಲಗೆ ತಾಗಬೇಕು. ತುಟಿಯೊಳಗೆ ಚುಚ್ಚಿದರೆ ಹಲ್ಲು ಉದ್ದವಾಗಿದೆ ಎಂದರ್ಥ. ಆಮೇಲೆ ಸೊಸೆ, ಸಾಸಿವೆ, ಸಂತೆ ಅನ್ನಿ. ಸಿಳ್ಳೆ ಬರುತ್ತಿದೆಯಾ? ಹೇಳಿ, ಅಲ್ಲೇ ಉಜ್ಜಿ ಸರಿಮಾಡುತ್ತಾರೆ. ಮುಂದಿನ ಎರಡು ಹಲ್ಲಿಗಿಂತ ಅವುಗಳ ಪಕ್ಕದವು ಕೂದಲೆಳೆಯಷ್ಟು ಗಿಡ್ಡ ಇರಲಿ. ಎಲ್ಲವೂ ಒಂದೇ ಗೆರೆಗೆ ಬಂದರೆ ಸುಳ್ಳು ಹಲ್ಲು ಅಂತ ದೂರದಿಂದಲೇ ಗೊತ್ತಾಗುತ್ತದೆ. ತೇಯದ ಹಲ್ಲಿನ ಮೇಲೆ ಕೂತಿರುವುದರಿಂದ ಮಾಕಪ್ ಸ್ವಲ್ಪ ಉಬ್ಬಿದ ಹಾಗೆ ಅನ್ನಿಸುತ್ತದೆ. ಆ ದಪ್ಪಕ್ಕೆ ಹೆದರಬೇಡಿ, ಉದ್ದ ಮತ್ತು ಆಕಾರ ನೋಡಿ.

ದಿನಾ ನಿಮ್ಮ ಮುಖ ನೋಡುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರೊಂದಿಗೆ ಸುಮ್ನೆ ಹರಟೆ ಹೊಡೆಯುತ್ತಾ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ. ಒಪ್ಪಿಗೆಯಾದರೆ ಅದೇ ಮಾಕಪ್ ಮೇಲಿಂದಲೇ ಆಳದ ಗುರುತು ಹಾಕಿ ತೇಯುವ ಪದ್ಧತಿ ಇದೆ, ಹಾಗೇ ಮಾಡಲು ಕೇಳಿ. ಬೇಕಾದಷ್ಟು ಮಾತ್ರ ಹೋಗುತ್ತದೆ.

ಹೆಜ್ಜೆ 6: ಬಣ್ಣ

ನಮ್ಮ ಚಿಕ್ಕಮ್ಮನ ಮಗ ಅಚ್ಚ ಬಿಳಿ ಹಾಕಿಸಿಕೊಂಡು ಆರತಕ್ಷತೆಗೆ ನಿಂತಾಗ ಊರಿಂದ ಬಂದ ದೊಡ್ಡಮ್ಮ ಎಲ್ಲರೆದುರೇ ಕೇಳಿದರು: “ಏನೋ, ಇಷ್ಟು ಬೇಗ ಹಲ್ಲುಸೆಟ್ ಹಾಕಿಸ್ಕೊಂಡ್ಯಾ?”

ಹಲ್ಲಿನ ಬಣ್ಣ ಹೋಲಿಸಿ ನೋಡುವ ವಿಟಾ ಶೇಡ್ ಗೈಡಿನಲ್ಲಿ 16 ಬಣ್ಣ ಇರುತ್ತವೆ, ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು. ಒಂದೇ ಗುಂಪಿನಲ್ಲಿ ನಂಬರ್ ಹೆಚ್ಚಿದಷ್ಟೂ ಬಣ್ಣ ಗಾಢ. ‘ಬಿಎಲ್’ ಎಂದಿರುವುದು ಇವೆಲ್ಲಕ್ಕಿಂತ ಬಿಳಿಯಾದ ಬ್ಲೀಚ್ ಬಣ್ಣ, ಅದರ ತಂಟೆಗೆ ಹೋಗಬೇಡಿ. ನಿಮ್ಮ ಕಣ್ಣಿನ ಬಿಳಿ ಗುಡ್ಡೆಗಿಂತ ಹಲ್ಲು ಬಿಳಿಯಾಗಿರಬಾರದು. ನನ್ನನ್ನು ಕೇಳಿದರೆ ಎ1ಕ್ಕೂ ಎ2ಕ್ಕೂ ನಡುವೆ ತೂಗಾಡುತ್ತಿದ್ದರೆ ಎ2 ಹಾಕಿಸಿ. ಬಣ್ಣ ನೋಡುವುದನ್ನು ಅಪಾಯಿಂಟ್‌ಮೆಂಟಿನ ಶುರುವಲ್ಲೇ ಮುಗಿಸಿ. ಬಾಯಿ ತೆರೆದು ಹತ್ತು ನಿಮಿಷ ಕೂತರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಲಿಪ್‌ಸ್ಟಿಕ್ ಒರೆಸಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕನ್ನಡಿ ಹಿಡಿದು ಕಿಟಕಿ ಹತ್ತಿರವೋ ಫುಟ್‌ಪಾತಿಗೋ ಹೋಗಿ. ಕ್ಲಿನಿಕ್ಕಿನ ಎಲ್ಇಡಿ ಬೆಳಕನ್ನು ನಂಬಬೇಡಿ.

ಹೆಜ್ಜೆ 7: ತೇಯುವುದು, ಟೆಂಪರರಿ

ಅರಿವಳಿಕೆ ಕೊಟ್ಟು ಮಾಡುತ್ತಾರೆ, ನೋವಿರುವುದಿಲ್ಲ. ಲ್ಯಾಬಿನಿಂದ ವೆನೀರ್ ಬರುವವರೆಗೆ ಒಂದೆರಡು ವಾರ ತಾತ್ಕಾಲಿಕ ಪದರ (ಟೆಂಪರರಿ) ಇರುತ್ತದೆ. ಮುದ್ದೆ, ಅನ್ನ, ಸಾರು ಎಲ್ಲ ಓಕೆ. ಕೋಡುಬಳೆ, ಕಬ್ಬು ಬೇಡ. ಬಿದ್ದುಹೋದರೆ ಫೆವಿಕ್ವಿಕ್ ಹಚ್ಚಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಹೆಜ್ಜೆ 8: ಅಂಟಿಸುವ ದಿನ

ಮೊದಲು ನೀರಲ್ಲಿ ತೊಳೆದುಹೋಗುವ ಪೇಸ್ಟಿನಲ್ಲಿ ವೆನೀರನ್ನು ಕೂರಿಸಿ ತೋರಿಸುತ್ತಾರೆ. ಪದರ ತೆಳುವಾದ್ದರಿಂದ ಅಂಟಿಸುವ ಸಿಮೆಂಟಿನ ಬಣ್ಣವೂ ಹೊರಗೆ ಕಾಣುತ್ತದೆ, ಆ ಪೇಸ್ಟು ಇರುವುದೇ ಅದನ್ನು ನೋಡಲು. ಏನಾದರೂ ಕಸಿವಿಸಿ ಇದ್ದರೆ ಈಗಲೇ ಬಾಯಿ ಬಿಡಿ. ಸಿಮೆಂಟಿಗೆ ನೀಲಿ ಲೈಟು ಬಿದ್ದ ಮೇಲೆ ಕೊರೆದೇ ತೆಗೆಯಬೇಕು. ಅವತ್ತು ವಸಡಿನಲ್ಲಿ ರಕ್ತ ಬರುತ್ತಿದ್ದರೆ ದಿನ ಮುಂದೂಡಿಸಿ, ರಕ್ತ, ಎಂಜಲು ತಾಗಿದರೆ ಅಂಟು ನಿಲ್ಲುವುದಿಲ್ಲ.

ಆಮೇಲೆ

ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ರಕ್ಷಾಕವಚ) ಕಡ್ಡಾಯ. ಇದ್ದಿಲಿನ ಪೇಸ್ಟು, ಕೆಂಪು ಹಲ್ಲುಪುಡಿ ಎರಡನ್ನೂ ಬಿಡಿ, ಹೊಳಪು ಹೋಗುತ್ತದೆ. ವೆನೀರಿಗೆ ಹುಳುಕು ಬರದಿದ್ದರೂ ಅದರ ಅಂಚಿನಲ್ಲಿರುವ ನಿಮ್ಮ ಹಲ್ಲಿಗೆ ಬರುತ್ತದೆ, ಆರು ತಿಂಗಳಿಗೊಮ್ಮೆ ತೋರಿಸಿ. ಯಾವ ಹಲ್ಲಿಗೆ ಹಾಕಿದ್ದು, ಯಾವ ಸೆರಾಮಿಕ್, ಶೇಡ್ ನಂಬರ್, ಲ್ಯಾಬಿನ ಹೆಸರು ಇಷ್ಟನ್ನೂ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಎಂಟು ವರ್ಷದ ಮೇಲೆ ಒಂದೇ ಒಂದು ಒಡೆದಾಗ, ಅದರ ಜೋಡಿ ಮಾಡಲು ಬೇರೆ ಡಾಕ್ಟರಿಗೂ ಅದು ಬೇಕು. ಆ ಕಾಗದ ಕೈಗೆ ಬಂದ ಮೇಲೆ ಬಾಕಿ ಹಣ ಕೊಡಿ.